ಪರದೇಶಿಗಳು ಕಟ್ಟಿದ ಕಲ್ಯಾಣ

'ಪರದೇಶಿ' ಎಂಬ ಮಾತು ಇಂದು ನಮ್ಮಲ್ಲಿ ಅನುಕಂಪದ ಮಾತು, ಇಲ್ಲವೇ ಬೈಗುಳ. ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕುಗೆಟ್ಟವನು ಎಂದೇ ಅದರ ಅರ್ಥ. ಆದರೆ ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯರ ರಾಜ್ಯದಲ್ಲಿ ಯಾರಾದರೂ ತನ್ನನ್ನು ಪರದೇಶಿ ಎಂದು ಕರೆದುಕೊಂಡರೆ ಸಂತೆಯಲ್ಲಿ ಜನ ದಾರಿ ಬಿಡುತ್ತಿದ್ದರು. ಆ ಕಾಲದ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬುವು ವರ್ತಕರ ಪಂಗಡಗಳ ಹೆಸರುಗಳು. ಊರಿನಲ್ಲೇ ಅಂಗಡಿ ಇಟ್ಟವನು ಸ್ವದೇಶಿ, ಹೊರನಾಡಿನಿಂದ ಸರಕು ತಂದವನು ಪರದೇಶಿ, ಹತ್ತೂ ದಿಕ್ಕು ಸುತ್ತುವವನು ನಾನಾದೇಶಿ. ಬಿರುದಾಗಿದ್ದ ಮಾತು ಬೈಗುಳವಾಗಿ ಇಳಿದದ್ದು ಹೇಗೆ ಎಂಬುದು ಭಾಷಾತಜ್ಞರ ಪ್ರಶ್ನೆ. ಆ ಪರದೇಶಿಗಳು ಯಾರು, ಅವರಿಗೂ ನಮ್ಮ ಬಸವಕಲ್ಯಾಣಕ್ಕೂ ಏನು ಸಂಬಂಧ ಎಂಬುದಷ್ಟೇ ಇಲ್ಲಿಯ ವಿಷಯ.

ಬಸವಕಲ್ಯಾಣಕ್ಕೆ ಬಂದಿಳಿದ ಯಾತ್ರಿಕರಿಗೆ ನೋಡುವ ಸ್ಥಳಗಳಿಗೆ ಕೊರತೆಯಿಲ್ಲ. ಬಸವೇಶ್ವರ ದೇವಾಲಯ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಕೋಟೆ, 2012ರಲ್ಲಿ ಲೋಕಾರ್ಪಣೆಯಾದ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ. ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯೂ ಆಗಿದೆ. ಇವೆಲ್ಲ ಆಗಬೇಕಾದುವೇ. ಆದರೆ ಹನ್ನೆರಡನೆಯ ಶತಮಾನದ ಆ ಕೆಲವೇ ವರ್ಷಗಳ ಬೆಳಕು ಎಷ್ಟು ಪ್ರಖರವಾಗಿದೆಯೆಂದರೆ, ಅದರ ಹಿಂದಿನ ನೂರು ವರ್ಷ ಕತ್ತಲಲ್ಲಿ ಉಳಿದುಬಿಟ್ಟಿದೆ. ಕಾಶ್ಮೀರದವರು, ಸೌರಾಷ್ಟ್ರದವರು, ಅಫ್ಘಾನಿಸ್ತಾನದ ಕಡೆಯವರು ಕಲ್ಯಾಣಕ್ಕೂ ಅದರ ಸುತ್ತಲ ಕನ್ನಡ ನಾಡಿಗೂ ಬಂದು ಶರಣರಾದರು ಎಂದು ಪರಂಪರೆ ಹೇಳುತ್ತದೆ. ಬಂದರು ಸರಿ, ಯಾವ ದಾರಿಯಿಂದ ಬಂದರು? ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯ ಊರಿನ ಹೆಸರು ಅಷ್ಟು ದೂರಕ್ಕೆ ತಲುಪಿದ್ದು ಯಾರ ಬಾಯಿಂದ?

ಮಾನ್ಯಖೇಟದ ನೆರಳು

ಕಥೆ ಕಲ್ಯಾಣಕ್ಕಿಂತ ಮೊದಲೇ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಶುರುವಾಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. 851ರ ಸುಮಾರಿಗೆ ಅರಬ್ಬಿ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದ ವೃತ್ತಾಂತವೊಂದು ಜಗತ್ತಿನ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮನ್ ದೊರೆ, ನಾಲ್ಕನೆಯವನು 'ಬಲ್ಹರಾ'. ಬಲ್ಹರಾ ಎಂದರೆ ಬೇರಾರೂ ಅಲ್ಲ, ನಮ್ಮ ವಲ್ಲಭರಾಜ, ರಾಷ್ಟ್ರಕೂಟರ ದೊರೆ. ಅರಬ್ಬರನ್ನು ಈತನಷ್ಟು ಪ್ರೀತಿಸುವ ರಾಜ ಭಾರತದಲ್ಲಿ ಇನ್ನೊಬ್ಬನಿಲ್ಲ ಎಂಬುದು ಅವರ ಪ್ರಶಂಸೆ. ಪ್ರೀತಿಗೆ ಕಾರಣವೂ ಇತ್ತೆನ್ನಿ. ಉತ್ತರದ ಗೂರ್ಜರ ಪ್ರತೀಹಾರರು ರಾಷ್ಟ್ರಕೂಟರಿಗೂ ಹಗೆ, ಸಿಂಧ್‌ನ ಅರಬ್ಬರಿಗೂ ಹಗೆ. ಹಗೆಯ ಹಗೆ ಗೆಳೆಯನಾದ. ಅದಕ್ಕಿಂತ ಮುಖ್ಯವಾಗಿ, ದಖ್ಖನ್ನಿನ ಸೈನ್ಯಕ್ಕೆ ಕುದುರೆ ಬೇಕಿತ್ತು. ಇಲ್ಲಿಯ ಹವೆಯಲ್ಲಿ ಒಳ್ಳೆಯ ತಳಿಯ ಯುದ್ಧದ ಕುದುರೆ ಬೆಳೆಯುವುದು ಕಷ್ಟ. ಅದು ಕಡಲ ಮೇಲೆಯೇ ಬರಬೇಕು, ತರುವವರು ಅರಬ್ಬರು.

916ರ ಹೊತ್ತಿಗೆ ಮಸೂದಿ ಎಂಬ ಇನ್ನೊಬ್ಬ ಅರಬ್ಬಿ ಬರಹಗಾರ ಕೊಂಕಣ ತೀರದ ಸೈಮೂರಿಗೆ, ಅಂದರೆ ಇಂದಿನ ಮಹಾರಾಷ್ಟ್ರದ ಚೌಲ್‌ಗೆ ಬಂದಿದ್ದ. ಅಲ್ಲಿ ಸುಮಾರು 10 ಸಾವಿರ ಮುಸ್ಲಿಮರು ನೆಲೆಸಿದ್ದರೆಂದು ಬರೆದಿದ್ದಾನೆ. ಬಲ್ಹರಾನ ರಾಜಧಾನಿಯ ಜನ 'ಕೀರಿಯ' ಎಂಬ ಭಾಷೆ ಆಡುತ್ತಾರೆ, ಕರಾವಳಿಯವರ ಭಾಷೆ ಬೇರೆ ಎಂದೂ ಗುರುತಿಸಿದ್ದಾನೆ. ಈ ಕೀರಿಯ ಕನ್ನಡವೇ ಎಂಬುದು ಹಲವು ವಿದ್ವಾಂಸರ ಊಹೆ. ಊಹೆ ನಿಜವಾದರೆ, ಪಂಪ ತನ್ನ ಭಾರತ ಬರೆಯುವುದಕ್ಕೆ ಎರಡು ಮೂರು ದಶಕ ಮೊದಲೇ ಕನ್ನಡದ ಸುದ್ದಿ ಅರಬ್ಬಿ ಬರಹಗಾರನೊಬ್ಬನ ಕಿವಿಗೆ ಬಿದ್ದಿತ್ತು ಎಂದಾಯಿತು.

ಇದಕ್ಕಿಂತ ಕುತೂಹಲದ್ದು ಠಾಣೆ ಕರಾವಳಿಯ ಚಿಂಚಣಿಯಲ್ಲಿ ಸಿಕ್ಕ ತಾಮ್ರಪಟ. ಕಾಲ 926, ರಾಷ್ಟ್ರಕೂಟ ಮೂರನೆಯ ಇಂದ್ರನ ಆಳ್ವಿಕೆ. ಸಂಜಾಣ ಮಂಡಲವನ್ನು ಆಳುತ್ತಿದ್ದ ಅಧಿಕಾರಿಯ ಹೆಸರು ಮಧುಮತಿ, ಕುಲ ತಾಜಿಕ. ತಾಜಿಕ ಎಂದರೆ ಅರಬ್ಬ. ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರನ್ನು ಸಂಸ್ಕೃತದ ನಾಲಿಗೆ ಹೊರಳಿಸಿದ ಬಗೆ. ಈತ ಹೊಳೆ ದಾಟಲು ದೋಣಿಗಳ ಏರ್ಪಾಟು ಮಾಡಿಸಿದ, ದಾರಿಹೋಕರಿಗೆ ಅನ್ನಛತ್ರ ಇಡಿಸಿದ. ಅಲ್ಲಿನ ಬ್ರಾಹ್ಮಣ ಮಠವೊಂದಕ್ಕೆ ದತ್ತಿ ದೊರೆತದ್ದೂ ಈತನ ಒಪ್ಪಿಗೆಯಿಂದಲೇ. ಕನ್ನಡ ದೊರೆಯೊಬ್ಬನ ಕೈಕೆಳಗೆ ಅರಬ್ಬ ಮಾಂಡಲಿಕ, ಆತನ ನೆರಳಲ್ಲಿ ಬ್ರಾಹ್ಮಣ ಮಠ! ಇದನ್ನು ಇಂದಿನ ರಾಜಕೀಯದ ಯಾವ ಚೌಕಟ್ಟಿಗೂ ಹೊಂದಿಸಲು ಹೋಗದಿರುವುದೇ ಲೇಸು. ಅವರಿಗೆ ಅದು ಬಂದರಿನ ಆಡಳಿತ, ಅಷ್ಟೇ.

ಐನೂರ್ವರ ಹೆಗ್ಗಳಿಕೆ

973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. 1042ರಿಂದ 1068ರವರೆಗೆ ಆಳಿದ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಓದುಗರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಹಳೆಯ ಗ್ರೀಕ್ ಬರಹಗಳಲ್ಲಿ ಬರುವ ಬಂದರು 'ಕಲ್ಯಾಣ' ಮುಂಬಯಿ ಬಳಿಯ ಕಲ್ಯಾಣ, ನಮ್ಮದಲ್ಲ. ನಮ್ಮ ಕಲ್ಯಾಣಕ್ಕೆ ಕಡಲಿಲ್ಲ. ಆದರೆ ಕಡಲಿಗೆ ಇಳಿಯುವ ದಾರಿ ಇತ್ತು. ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರಿನಲ್ಲಿ ತೇರ್ ಇದೆ. ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿಯಲ್ಲಿ 'ತಗರ' ಎಂದು ಬರುವ ಊರು ಅದೇ. ಅಲ್ಲಿಂದ ಪೈಠಣ, ಅಲ್ಲಿಂದ ಘಟ್ಟ ಇಳಿದರೆ ಕೊಂಕಣದ ಬಂದರುಗಳು. ಸಾವಿರ ವರ್ಷದಿಂದ ಎತ್ತಿನ ಗೊರಸು ಸವೆಸಿದ ಹಾದಿಗೆ ಹೊಂದಿಕೊಂಡಂತೆ ಕಲ್ಯಾಣ ಎದ್ದಿತು.

ಈ ಹಾದಿಯ ಒಡೆಯರು ರಾಜರೆಂದುಕೊಂಡರೆ ಪೂರ್ತಿ ಸರಿಯಲ್ಲ. ಹಾದಿ ನಡೆದದ್ದು 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಹೆಸರಿನಲ್ಲಿ. ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ನಾವು ಅಲ್ಲಿಗೆ ಗುಡಿ ನೋಡಲು ಹೋಗುತ್ತೇವೆ. ಆ ಊರಿನ ಹೆಸರು ಹೊತ್ತು ಹೊರಟವರ ವಿಷಯ ಅಲ್ಲಿಯ ಫಲಕಗಳಲ್ಲಿ ಹುಡುಕಬೇಕು. ಶಿಕಾರಿಪುರ ತಾಲ್ಲೂಕಿನ 1050ರ ದಶಕದ ಶಾಸನವೊಂದು ಇವರ ದೊಡ್ಡಸ್ತಿಕೆಯನ್ನು ಉದ್ದಕ್ಕೆ ಹಾಡುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ಕಾಂಬೋಜ, ಗೌಡ, ಪಾರಸ, ನೇಪಾಳ ಎಂದು ದೇಶಗಳ ಪಟ್ಟಿ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ನುಗ್ಗಿ ಹೋಗುವವರು. ಆನೆ, ಜಾತಿ ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳ. ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಇವರ ಸರಕು. ಸಗಟಾಗಿಯೂ ಮಾರುವರು, ಹೆಗಲ ಮೇಲೆ ಹೊತ್ತು ಬೀದಿಬೀದಿಯಲ್ಲಿಯೂ ಮಾರುವರು.

ಇದೇ ಪಟ್ಟಿಯಲ್ಲಿ ಒಂಟಿಕಾಲಿನವರ ನಾಡು, ಜೋಲುಗಿವಿಯವರ ನಾಡು, ಹೆಂಗಸರದೇ ರಾಜ್ಯ ಕೂಡ ಸೇರಿವೆ! ಆದ್ದರಿಂದ ಈ ಹೊಗಳಿಕೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಸಂಘದ ಹೊಗಳುಭಟ್ಟ ಬರೆದದ್ದು, ಇಂದಿನ ಜಾಹೀರಾತಿನ ಹಾಗೆ. ಆದರೆ ಎಲ್ಲವೂ ಬಾಯಿಮಾತಲ್ಲ ಎನ್ನುವುದಕ್ಕೆ ಕಲ್ಲಿನ ಸಾಕ್ಷಿ ಸಮುದ್ರದಾಚೆ ಸಿಕ್ಕಿದೆ. ಸುಮಾತ್ರ ದ್ವೀಪದ ಕರ್ಪೂರದ ನಾಡು ಬರುಸ್‌ನಲ್ಲಿ ಶಕ 1010ರ, ಅಂದರೆ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಶ್ರೀಲಂಕಾದಲ್ಲಿ ಇವರ ಶಾಸನಗಳು ಹಲವು. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುಗುಡಿಯೇ ಇತ್ತು. ಕನ್ನಡದ ಊರೊಂದರಿಂದ ಹೊರಟ ಸಂಘ ಕಡಲು ದಾಟುವಾಗ ತಮಿಳು ಮಾತಾಡಿತು, ಮಲಯಾಳ ನಾಡಿನವರನ್ನೂ ಒಳಗೆ ಸೇರಿಸಿಕೊಂಡಿತು. ಇದು ಒಂದೇ ಕಂಪನಿಯಲ್ಲ, ಒಂದೇ ಹೆಸರಿನ ಹಲವು ಕೂಟ ಎಂದು ತಿಳಿಯುವುದು ಮೇಲು.

ಸುಂಕದ ವ್ಯವಸ್ಥೆ ಬಲವಾಗಿತ್ತು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳಿಗೆ ಬೇರೆ ಬೇರೆ ಅಧಿಕಾರಿಗಳು. ಗುಡಿಗೆ ದಾನ ಕೊಡುವಾಗ ಹೇರಿಗೆ ಇಷ್ಟು ಎಲೆ, ಇಷ್ಟು ಅಡಿಕೆ ಎಂದು ವರ್ತಕರೇ ತಮ್ಮ ಮೇಲೆ ಹಾಕಿಕೊಂಡ ತೆರಿಗೆಯೂ ಶಾಸನಗಳಲ್ಲಿ ಕಾಣುತ್ತದೆ. ಪೇಟೆಗೆ ಪಟ್ಟಣಸ್ವಾಮಿ ಮುಖ್ಯಸ್ಥ, ದೊಡ್ಡ ವ್ಯಾಪಾರಿಗೆ ವಡ್ಡವ್ಯವಹಾರಿ ಎಂಬ ಹೆಸರು. ಇವರು ಪಾಲಿಸುತ್ತೇವೆಂದುಕೊಂಡ ನೀತಿಗೆ 'ವೀರಬಣಂಜು ಧರ್ಮ'. ಇಂದಿನ ಬಣಜಿಗ ಎಂಬ ಹೆಸರಿನ ಬೇರು ಇರುವುದು ಅಲ್ಲಿಯೇ.

ನೂರಕ್ಕೆ ಇಪ್ಪತ್ತು

ಹೊಗಳಿಕೆಯ ಶಾಸನಗಳು ಹೇಳದ ಒಂದು ಸಂಗತಿಯನ್ನು ಕಲ್ಯಾಣದಲ್ಲಿ ಕುಳಿತು ಬರೆದ ಕಾನೂನು ಗ್ರಂಥ ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಆಸ್ತಿ ಹಂಚಿಕೆಯ ಮೊಕದ್ದಮೆಗಳಿಂದಾಗಿ ವಕೀಲರಿಗೆಲ್ಲ ಗೊತ್ತಿರುವ ಹೆಸರು ಅದು. ಇಂಗ್ಲಿಷರ ನ್ಯಾಯಾಲಯಗಳು ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗಕ್ಕೆ ಇದನ್ನೇ ಪ್ರಮಾಣವಾಗಿ ಹಿಡಿದುವು. ವಿಜ್ಞಾನೇಶ್ವರನ ಹೆಸರಿನ ಗವಿಯೊಂದನ್ನು ಬಸವಕಲ್ಯಾಣದಲ್ಲಿ ಇಂದೂ ತೋರಿಸುತ್ತಾರೆ. ಆಸ್ತಿಯ ಭಾಗ ಬಿಟ್ಟು ಸಾಲದ ಭಾಗ ತೆರೆದರೆ ವ್ಯಾಪಾರದ ಒಳಗುಟ್ಟು ಸಿಗುತ್ತದೆ.

ಅಡವಿಟ್ಟು ಪಡೆದ ಸಾಲಕ್ಕೆ ಸ್ಮೃತಿ ಹೇಳುವ ಬಡ್ಡಿ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನು ಸಾಲ ಕೇಳಿದರೆ ತಿಂಗಳಿಗೆ ನೂರಕ್ಕೆ ಹತ್ತು. ಸಮುದ್ರಯಾನದವನಾದರೆ ನೂರಕ್ಕೆ ಇಪ್ಪತ್ತು! ಇಷ್ಟೇಕೆ ಎಂಬುದಕ್ಕೆ ವಿಜ್ಞಾನೇಶ್ವರ ಕೊಡುವ ಕಾರಣ ಸರಳ. ಅಸಲೇ ಮುಳುಗಿಹೋಗುವ ಅಂಜಿಕೆ. ಹಡಗು ಮುಳುಗಿದರೆ ಸಾಲ ತೆಗೆದುಕೊಂಡವನೂ ಇಲ್ಲ, ಸರಕೂ ಇಲ್ಲ. ವಿಮೆ ಎಂಬುದಿಲ್ಲದ ಕಾಲದಲ್ಲಿ ಬಡ್ಡಿಯೊಳಗೇ ವಿಮೆ ಸೇರಿತ್ತು. ತಿಂಗಳಿಗೆ ನೂರಕ್ಕೆ ಇಪ್ಪತ್ತು ತೆತ್ತೂ ಒಬ್ಬ ಲಾಭ ಮಾಡಬೇಕಾದರೆ ಕರ್ಪೂರ, ಲವಂಗಗಳ ಬೆಲೆಯಲ್ಲಿ ಅಂತರ ಎಷ್ಟಿರಬೇಕು, ಓದುಗರೇ ಲೆಕ್ಕ ಹಾಕಬಹುದು. ಎಷ್ಟು ಮಂದಿ ಹಿಂತಿರುಗಲಿಲ್ಲ ಎಂಬ ಲೆಕ್ಕವೂ ಆ ಅಂಕಿಯೊಳಗೇ ಅಡಗಿದೆ.

ಸರಕು ಬಂದು ಸೇರುತ್ತಿದ್ದ ಕಡೆಯನ್ನು ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ (1127–1138) ತಾನೇ ವಿವರಿಸಿದ್ದಾನೆ. 'ಮಾನಸೋಲ್ಲಾಸ' ಎಂಬ ಆತನ ಸಂಸ್ಕೃತ ವಿಶ್ವಕೋಶದಲ್ಲಿ ಅರಸನ ಬಟ್ಟೆಯ ಪ್ರಕರಣ ನೋಡಬೇಕು. ನಾಗಪಟ್ಟಣ, ಸಿಂಹಳ, ಗುಜರಾತಿನ ಅಣಹಿಲವಾಡ, ಇಂದಿನ ಪಾಕಿಸ್ತಾನದ ಮುಲ್ತಾನವಾದ ಮೂಲಸ್ಥಾನ, ಕಳಿಂಗ, ವಂಗ, ಕೊನೆಗೆ ಮಹಾಚೀನ. ಇಷ್ಟೂ ಕಡೆಯ ಬಟ್ಟೆ ಕಲ್ಯಾಣದ ಅರಮನೆಯಲ್ಲಿ! ಕುದುರೆಗಳನ್ನು ಹುಟ್ಟಿದ ನಾಡಿನ ಮೇಲೆ ವಿಂಗಡಿಸಿದ್ದಾನೆ. ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟವನ್ನು ಬಣ್ಣಿಸಿದ್ದಾನೆ. ಪರ್ಷಿಯಾದಲ್ಲಿ ಪ್ರಸಿದ್ಧವಾಗಿದ್ದ, ನಾವು ಇಂದು ಪೋಲೊ ಎನ್ನುವ ಆಟದ ಹತ್ತಿರದ ನಂಟ ಅದು. ಕುದುರೆಯೊಡನೆ ಆಟವೂ ಬಂದಿಳಿದಿರಬೇಕು.

ಕೇಸರಿ ಮತ್ತು ಕಾವ್ಯ

ವಸ್ತುಗಳು ನಡೆದ ದಾರಿಯಲ್ಲೇ ಮನುಷ್ಯರೂ ನಡೆದರು. ಕಾಶ್ಮೀರದ ಕವಿ ಬಿಲ್ಹಣ ಊರು ಬಿಟ್ಟು ಮಥುರೆ, ಕನೌಜು, ಪ್ರಯಾಗ, ಕಾಶಿ ಸುತ್ತಿ, ಚೇದಿಯ ಕರ್ಣನ ಆಸ್ಥಾನ ಕಂಡು, ಸೋಮನಾಥಕ್ಕೆ ಹೋಗಿ, ಕೊನೆಗೆ ನೆಲೆನಿಂತದ್ದು ಕಲ್ಯಾಣದಲ್ಲಿ. ಆರನೆಯ ವಿಕ್ರಮಾದಿತ್ಯ ಅವನಿಗೆ 'ವಿದ್ಯಾಪತಿ' ಎಂಬ ಪದವಿ ಕೊಟ್ಟ. ಆತ 18 ಸರ್ಗಗಳ 'ವಿಕ್ರಮಾಂಕದೇವಚರಿತ' ಬರೆದು ಋಣ ತೀರಿಸಿದ. ಕೇಸರಿಯೂ ಕಾವ್ಯವೂ ಒಡಹುಟ್ಟಿದವು, ಕಾಶ್ಮೀರ ಬಿಟ್ಟು ಬೇರೆಡೆ ಬೆಳೆಯವು ಎಂದು ಆತನ ಜಂಬ. ಐನೂರ್ವರ ಸರಕಿನ ಪಟ್ಟಿಯಲ್ಲಿ ಕೇಸರಿಯಿರುವುದನ್ನು ನೆನೆದರೆ, ಎರಡೂ ಒಂದೇ ಹಾದಿ ಹಿಡಿದು ಬಂದವು ಎನ್ನಬಹುದು. ಈ ಕಾವ್ಯದ ಹಸ್ತಪ್ರತಿ 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್‌ಗೆ ಸಿಕ್ಕಿದ್ದು ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ. ಅದೂ ಇನ್ನೊಂದು ವ್ಯಾಪಾರದ ಊರೇ.

ಹಾದಿ ಎರಡೂ ಕಡೆಗೆ ಇತ್ತು. ಕಾಶ್ಮೀರದ ಅರಸು ಹರ್ಷನಿಗೆ (1089–1101) ದಕ್ಷಿಣದ ಉಡುಗೆತೊಡುಗೆಯ ಹುಚ್ಚು. ಕರ್ಣಾಟದ ನಾಣ್ಯದ ಮಾದರಿಯಲ್ಲಿ ತನ್ನ ನಾಣ್ಯ ಅಚ್ಚು ಹಾಕಿಸಿದನೆಂದು ಕಲ್ಹಣನ 'ರಾಜತರಂಗಿಣಿ' ಹೇಳುತ್ತದೆ. ಆನೆಯ ಚಿತ್ರವಿರುವ ಹರ್ಷನ ನಾಣ್ಯಗಳು ಸಿಕ್ಕಿರುವುದರಿಂದ ಇದು ಬರಿಯ ಕಥೆಯಲ್ಲ. ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರಪಟ ಕಂಡು ಮರುಳಾಗಿ, ಕರ್ಣಾಟವನ್ನು ಗೆದ್ದೇ ತರುತ್ತೇನೆಂದು ಅದೇ ಹರ್ಷ ಪ್ರತಿಜ್ಞೆ ಮಾಡಿ ನಗೆಪಾಟಲಾದ ಪ್ರಸಂಗವನ್ನೂ ಕಲ್ಹಣ ಬಿಟ್ಟಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ, ಬೆನ್ನು ತಿರುಗಿಸಿ ನಿಂತು ವಿಕ್ರಮಾದಿತ್ಯನ ಬಿರುದು ಬರೆಯುತ್ತಿರುವ ಶಿಲಾಬಾಲಿಕೆಯನ್ನು ಕಂಡವರಿಗೆ ಆ ಹುಚ್ಚು ಅಷ್ಟೇನೂ ವಿಚಿತ್ರ ಎನಿಸದು.

ಕಾಶ್ಮೀರದ ಅರಸನಾಗಿದ್ದು ಎಲ್ಲ ತೊರೆದು ಬಂದು ಇಲ್ಲಿ ಸೌದೆ ಮಾರಿ ಬದುಕಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ನೆಲೆಯನ್ನು ಹುಮನಾಬಾದ್ ಬಳಿಯ ಮೊಳಕೇರಾದಲ್ಲಿ ತೋರಿಸುತ್ತಾರೆ. ಆತ ನಿಜಕ್ಕೂ ಅರಸನೇ ಎಂಬುದನ್ನು ಚರಿತ್ರೆಕಾರರು ಒರೆಗೆ ಹಚ್ಚಲಿ. ಆದರೆ ಕಾಶ್ಮೀರಿ ಒಬ್ಬ ಈ ಸೀಮೆಗೆ ಬರುವುದು ಆ ಕಾಲದ ಕೇಳುಗರಿಗೆ ನಂಬಲಾಗದ ಮಾತಾಗಿರಲಿಲ್ಲ. ಹರಿಹರನ ರಗಳೆಯಲ್ಲಿ ಬರುವ ಆದಯ್ಯನಂತೂ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದೇ ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನು. ಶರಣರ ನಡುವೆ ಸುಂಕದ ಬಂಕಣ್ಣ ಎಂಬ ವಚನಕಾರ ಇದ್ದಾನೆ. ಸುಂಕ ಎತ್ತುವುದೇ ಆತನ ಕಾಯಕ. ಬಸವಣ್ಣನವರು ಬಿಜ್ಜಳನ ಭಂಡಾರಿ. ಹೆಜ್ಜುಂಕ ಬಂದು ಬೀಳುತ್ತಿದ್ದ ಭಂಡಾರ ಅದು. ದುಡಿಯದೆ ಉಣ್ಣಬಾರದೆಂಬ ಮಾತು ಹಳ್ಳಿಯ ಹೊಲದ ಬದುವಿನಲ್ಲಿ ಹುಟ್ಟಲಿಲ್ಲ, ಚೀನದ ರೇಷ್ಮೆ ಮಾರುವ ಪೇಟೆಯ ಪಕ್ಕದಲ್ಲಿ ಹುಟ್ಟಿತು. ಮಾದಾರ, ಮೇದಾರ, ಅಂಬಿಗ, ಮಡಿವಾಳರು ತಮ್ಮ ಕಸುಬಿನ ಹೆಸರಿನಿಂದಲೇ ಎದ್ದು ನಿಂತದ್ದು ಐನೂರ್ವರ ಬಿರುದುಗಳ ಗದ್ದಲದ ನಡುವೆ ಎಂಬುದನ್ನು ಮರೆತರೆ ಆ ಧೈರ್ಯದ ಅರ್ಧ ನಮಗೆ ಕಾಣುವುದಿಲ್ಲ.

ಅದೇ ವರ್ಷಗಳಲ್ಲಿ ಆಳುಪರ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ವಾಸವಾಗಿದ್ದ. ಹುಟ್ಟಿದ್ದು ಇಂದಿನ ಟ್ಯುನೀಸಿಯದಲ್ಲಿ. 1132ರಿಂದ 1149ರವರೆಗೆ ಇಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಏಡನ್‌ನಿಂದ ಒಡೆದ ತಾಮ್ರದ ಪಾತ್ರೆ ಬರುತ್ತಿತ್ತು, ಇಲ್ಲಿಂದ ಹೊಸ ಪಾತ್ರೆ, ಕಬ್ಬಿಣ, ಮೆಣಸು, ಅಡಿಕೆ ಹೋಗುತ್ತಿತ್ತು. ಬರೆಯಲು ಕಾಗದ ಇಲ್ಲಿ ಸಿಗದೆ ಅದನ್ನೂ ಗೆಳೆಯರು ಕಳಿಸಬೇಕಾಗಿತ್ತು. ಆಶು ಎಂಬ ದಾಸಿಗೆ ಆತ 1132ರ ಅಕ್ಟೋಬರಿನಲ್ಲಿ ಬಿಡುಗಡೆ ಪತ್ರ ಬರೆದುಕೊಟ್ಟ. ಆತನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ 'ಬೊಮ್ಮ' ಎಂದು ಓದಿದ್ದಾರೆ. ಇಷ್ಟೆಲ್ಲ ತಿಳಿದದ್ದು ಕೈರೋದ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಎಂಟುನೂರು ವರ್ಷ ಬಿದ್ದಿದ್ದ ಹಳೆಯ ಕಾಗದಗಳಿಂದ. ಐನೂರ್ವರ ಶಾಸನಗಳು ಇಂದ್ರನೀಲದ ಹೆಸರು ಹೇಳುತ್ತವೆ, ಹೇರು ಹೊತ್ತವನ ಹೆಸರು ಹೇಳುವುದಿಲ್ಲ. ಹೊತ್ತವರಲ್ಲಿ ಒಬ್ಬನಾದರೂ ಹೆಸರು ಸಮೇತ ನಮಗೆ ಸಿಕ್ಕಿದ್ದು ಪರದೇಶಿಯೊಬ್ಬನ ಕಾಗದದಲ್ಲಿ.

1167ರ ಕ್ಷೋಭೆಯ ನಂತರ ಕಲ್ಯಾಣ ಚೇತರಿಸಿಕೊಳ್ಳಲಿಲ್ಲ. ನಾಲ್ಕನೆಯ ಸೋಮೇಶ್ವರ ಕೆಲಕಾಲ ಮರಳಿ ಆಳಿದರೂ ಹನ್ನೆರಡನೆಯ ಶತಮಾನದ ಕೊನೆಗೆ ರಾಜ್ಯ ದೇವಗಿರಿಯ ಸೇವುಣರ ಮತ್ತು ಹೊಯ್ಸಳರ ಪಾಲಾಯಿತು. ರಾಜಧಾನಿ ಹೋಯಿತು, ಹಾದಿ ಹೋಗಲಿಲ್ಲ. ಬಹಮನಿಗಳ ಕಾಲದಲ್ಲಿ ಗೀಲಾನಿನ ಮಹಮೂದ್ ಗವಾನ್ ವರ್ತಕನಾಗಿ ಬೀದರಿಗೆ ಬಂದು ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ. ಅದೇ ಹೊತ್ತಿನಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದೇ ಒಂದು ಕುದುರೆಯೊಡನೆ ಚೌಲ್‌ನಲ್ಲಿ ಇಳಿದ. ಐನೂರೈವತ್ತು ವರ್ಷಗಳ ಹಿಂದೆ ಮಸೂದಿ ಇಳಿದಿದ್ದ ಬಂದರು ಅದು. ಜುನ್ನಾರಿನಲ್ಲಿ ಅಧಿಕಾರಿಯೊಬ್ಬ ಕುದುರೆಯನ್ನು ಕಿತ್ತುಕೊಂಡ. ಖೊರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕಲ್ಯಾಣದ ನೆರೆಯ ಆಳಂದದಲ್ಲಿ ವರ್ಷಕ್ಕೊಮ್ಮೆ ಕೂಡುವ ಜಾತ್ರೆಗೆ 20 ಸಾವಿರ ಕುದುರೆ ಬರುತ್ತವೆಂದು ಆತ ಬರೆದುಕೊಂಡಿದ್ದಾನೆ. ತನ್ನ ಕುದುರೆಯನ್ನು ಮಾತ್ರ, ತಿಂಗಳುಗಟ್ಟಲೆ ಮೇವು ಹಾಕಿ ಕೈ ಸೋತ ಮೇಲೆ, ಬೀದರಿನಲ್ಲಿ ಮಾರಿದ.